ನಿರ್ಧಾರಗಳನ್ನು ಹಿಂದಿರುಗಿಸುವ ಕೆಲಸ

ತಲೆಗೆ ತೀವ್ರ ಪೆಟ್ಟು ಬಿದ್ದ ಹರೆಯದವರೊಬ್ಬರು ಆಸ್ಪತ್ರೆಯಿಂದ ಮನೆಗೆ ಮರಳಿದಾಗ, ನೋಡಲು ಬಂದವರೆಲ್ಲ ಮೊದಲು ಕೇಳುವುದು ‘ಈಗ ಪೂರ್ತಿ ಹುಷಾರಾಗಿದ್ದಾನಾ?’ ಎಂದು. ನನ್ನ ತಮ್ಮನ ವಿಷಯದಲ್ಲಿ ಈ ಪ್ರಶ್ನೆಗೆ ನಮ್ಮ ಮನೆಯ ಒಬ್ಬೊಬ್ಬರ ಉತ್ತರ ಒಂದೊಂದು ಬಗೆಯದಾಗಿತ್ತು. ಅಪ್ಪ ಹೌದು ಎನ್ನುತ್ತಿದ್ದರು, ಅಮ್ಮ ಸುಮ್ಮನಿರುತ್ತಿದ್ದರು, ನಾನು ಮಾತು ಬದಲಿಸುತ್ತಿದ್ದೆ. ಅವನು ನಡೆಯುತ್ತಿದ್ದ, ಮಾತಾಡುತ್ತಿದ್ದ, ತನ್ನ ಕೈಯಿಂದಲೇ ಊಟ ಮಾಡುತ್ತಿದ್ದ. ತಲೆಯ ಮೇಲಿನ ಗಾಯದ ಕಲೆಯೊಂದನ್ನು ಬಿಟ್ಟರೆ ಹೊರಗಿನವರ ಕಣ್ಣಿಗೆ ಬೇರೇನೂ ಬೀಳುತ್ತಿರಲಿಲ್ಲ. ಆದರೆ ಬೆಳಿಗ್ಗೆ ಎದ್ದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಾನಾಗಿ ನಿಶ್ಚಯಿಸುವುದು ಅವನಿಂದ ಆಗುತ್ತಿರಲಿಲ್ಲ. ನಾನು ಬರೆಯಬೇಕೆಂದಿರುವುದು ಆ ಒಂದು ಸಾಮರ್ಥ್ಯದ ಬಗ್ಗೆ: ನಿರ್ಧರಿಸುವ ಹೊಣೆಯನ್ನು ಮನೆಯವರು ಕೆಲವು ಕಾಲ ತಮ್ಮಲ್ಲಿ ಇಟ್ಟುಕೊಳ್ಳಬೇಕಾಗುವುದರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ, ಅದನ್ನು ಮತ್ತೆ ಅವನ ಕೈಗೇ ಕೊಡುವುದರ ಬಗ್ಗೆ.

ಆಸ್ಪತ್ರೆಯ ಕಾಗದಗಳಲ್ಲಿ ನಮ್ಮ ಕಣ್ಣು ಮೊದಲು ಹುಡುಕುತ್ತಿದ್ದುದು ಗ್ಲಾಸ್ಗೋ ಕೋಮಾ ಸ್ಕೇಲ್‌ನ ಅಂಕವನ್ನು. ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಎಂಬ ನರಶಸ್ತ್ರವೈದ್ಯರು 1974ರಲ್ಲಿ ಪ್ರಕಟಿಸಿದ ಈ ಅಳತೆಯು ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ಈ ಮೂರನ್ನು ಗಮನಿಸಿ ಅಂಕ ಕೊಡುತ್ತದೆ. ಅತಿ ಕಡಿಮೆ ಅಂಕ 3, ಅತಿ ಹೆಚ್ಚು 15; 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರವಾದುದು. ಐಸಿಯುವಿನ ಹೊರಗೆ ಕಾಯುವವರಿಗೆ ಆ ಅಂಕವೇ ಆಧಾರ. ಆದರೆ ಮನೆಗೆ ಬಂದ ಮೇಲೆ ಹೇಗೆ ಬದುಕಬೇಕೆಂಬುದನ್ನು ಅದು ಹೇಳುವುದಿಲ್ಲ. ಮುಂದಿನ ಚೇತರಿಕೆಯನ್ನು ಅಂದಾಜು ಮಾಡುವಾಗ ತಜ್ಞರು ಇನ್ನೊಂದನ್ನೂ ಕೇಳುತ್ತಾರೆ: ಕಣ್ಣು ಬಿಟ್ಟು ಮಾತಾಡತೊಡಗಿದ ಮೇಲೂ, ನಿನ್ನೆ ನಡೆದದ್ದು ಇಂದು ನೆನಪಿನಲ್ಲಿ ಉಳಿಯದಂಥ ಗೊಂದಲದ ಅವಧಿ ಎಷ್ಟು ದಿನ ಇತ್ತು? ಇದನ್ನು ಚೆನ್ನಾಗಿ ಹೇಳಬಲ್ಲವರು ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದ ಮನೆಯವರು. ಅದಕ್ಕೇ, ಇಂಥ ಸ್ಥಿತಿಯಲ್ಲಿರುವ ಕುಟುಂಬಗಳಿಗೆಲ್ಲ ನಾನು ಹೇಳುವುದು, ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ, ಅವರು ಏನು ಹೇಳಿದರು, ಏನನ್ನು ನೆನಪಿಟ್ಟುಕೊಂಡರು ಎಂದು ದಿನಕ್ಕೆರಡು ಸಾಲಾದರೂ ಬರೆಯಿರಿ.

ಸ್ಕ್ಯಾನ್ ವರದಿಯ ಬಗ್ಗೆಯೂ ಒಂದು ಮಾತು. ವೇಗವಾಗಿ ಚಲಿಸುತ್ತಿದ್ದ ತಲೆ ಥಟ್ಟನೆ ನಿಂತಾಗ ಅಥವಾ ರಭಸದಿಂದ ತಿರುಗಿದಾಗ ಮೆದುಳಿನ ಒಳಗಿನ ಸಣ್ಣ ನರತಂತುಗಳು ಜಗ್ಗಿ ಹರಿಯುತ್ತವೆ. ಈ ಹಾನಿ ಒಂದು ಕಡೆಯಲ್ಲದೆ ಹಲವೆಡೆ ಹರಡಿರುವುದರಿಂದ ಸಿಟಿ ಸ್ಕ್ಯಾನ್‌ನಲ್ಲಿ ಬಹಳ ಸಲ ಸರಿಯಾಗಿ ಕಾಣುವುದೇ ಇಲ್ಲ. ‘ಸ್ಕ್ಯಾನ್ ಚೆನ್ನಾಗಿಯೇ ಇದೆಯಲ್ಲ, ಮತ್ತೇಕೆ ಹೀಗಾಡುತ್ತಾನೆ’ ಎಂದು ಯಾರಾದರೂ ಕೇಳಿದರೆ, ತೊಂದರೆ ಅವನ ಮನಸ್ಸಿನದಲ್ಲ, ಚಿತ್ರದಲ್ಲಿ ಮೂಡದ ಆ ತಂತುಗಳದು ಎಂದು ಧೈರ್ಯವಾಗಿ ಹೇಳಬಹುದು.

ಪೆಟ್ಟು ಬಿದ್ದಾಗ ತಮ್ಮನಿಗೆ 22 ವರ್ಷ. ಈ ವಯಸ್ಸಿಗೆ ತನ್ನದೇ ಆದ ಒಂದು ಕಷ್ಟವಿದೆ. ಯೋಜನೆ ಹಾಕುವುದು, ಕೆಲಸ ಶುರುಮಾಡುವುದು, ಸಿಟ್ಟನ್ನು ಹಿಡಿದುಕೊಳ್ಳುವುದು, ಮುಂದೇನಾದೀತೆಂದು ಊಹಿಸುವುದು ಇವೆಲ್ಲ ಬಹುಮಟ್ಟಿಗೆ ಹಣೆಯ ಹಿಂದಿರುವ ಫ್ರಾಂಟಲ್ ಭಾಗವನ್ನು ಅವಲಂಬಿಸಿವೆ. ಮೆದುಳಿನಲ್ಲಿ ಎಲ್ಲಕ್ಕಿಂತ ತಡವಾಗಿ ಬಲಿಯುವುದು ಅದೇ. 25ರ ಆಸುಪಾಸಿನವರೆಗೂ ಅದು ಪಕ್ವವಾಗುತ್ತಲೇ ಇರುತ್ತದೆ. ಹೀಗಾಗಿ ಹರೆಯದಲ್ಲಿ ಬಿದ್ದ ಪೆಟ್ಟು ಕಲಿತದ್ದನ್ನು ಕಸಿಯುವುದಷ್ಟೇ ಅಲ್ಲ, ಇನ್ನೂ ಕಲಿಯಬೇಕಾಗಿದ್ದುದಕ್ಕೂ ಅಡ್ಡ ಬರುತ್ತದೆ. ಸಾಲದ್ದಕ್ಕೆ, ಆ ವಯಸ್ಸಿನಲ್ಲಿ ಮಗ ಮನೆಯಿಂದ ಒಂದು ಕಾಲು ಹೊರಗಿಟ್ಟಿರುತ್ತಾನೆ. ತನ್ನ ದುಡಿಮೆ, ತನ್ನ ಗೆಳೆಯರು, ತಂದೆತಾಯಿಗೆ ಹೇಳದ ಕೆಲವು ಗುಟ್ಟುಗಳು, ಎಲ್ಲ ಆಗತಾನೆ ಕೂಡಿಬಂದಿರುತ್ತವೆ. ಅಂಥವನು ಮತ್ತೆ ಅಮ್ಮನ ಕೈಯಿಂದ ಸ್ನಾನ ಮಾಡಿಸಿಕೊಳ್ಳುವ ಸ್ಥಿತಿಗೆ ಬಂದಾಗ, ಅಮ್ಮನೊಳಗಿನ ಭಯ ಅವನನ್ನು ಮಗುವಾಗಿಯೇ ಇಟ್ಟುಕೊಳ್ಳಲು ಹವಣಿಸುತ್ತದೆ. ಅದು ಪ್ರೀತಿಯೇ, ಸಂದೇಹವಿಲ್ಲ. ಆದರೂ ಚೇತರಿಕೆಗೆ ಎದುರಾಗುವ ದೊಡ್ಡ ತಡೆಗಳಲ್ಲಿ ಅದೂ ಒಂದೆಂದು ನಾನು ನಂಬಿದ್ದೇನೆ.

ಆದರೆ ಆರಂಭದಲ್ಲಿ ಆಸರೆ ಬೇಕೇ ಬೇಕು, ಅದೂ ಧಾರಾಳವಾಗಿ ಬೇಕು. ಮೊದಲ ತಿಂಗಳುಗಳಲ್ಲಿ ಅವನನ್ನು ಕಾಡಿದ್ದು ಸುಸ್ತು. ದುಡಿದು ಬರುವ ದಣಿವಿನಂಥದ್ದಲ್ಲ ಇದು. ಒಂದು ಸಣ್ಣ ಮಾತುಕತೆಯ ನಡುವೆಯೇ ಮುಖ ಬಿಳಿಚಿಕೊಂಡು, ಮಾತು ತಡವರಿಸಿ, ಬೆಳಕು ಮತ್ತು ಶಬ್ದವನ್ನು ತಾಳಲಾರದೆ ಮುಸುಕೆಳೆದು ಮಲಗಿಬಿಡುವಂಥದ್ದು. ಹಿನ್ನೆಲೆಯ ಸದ್ದನ್ನು ತಾನಾಗಿ ಬದಿಗೊತ್ತುವ ಶಕ್ತಿ ಮೆದುಳಿನಲ್ಲಿ ಕುಂದಿರುವುದರಿಂದ ಫ್ಯಾನಿನ ಸದ್ದು, ಟಿವಿ, ಪಕ್ಕದ ಕೋಣೆಯ ಮಾತು, ಎದುರಿಗಿರುವವರ ಪ್ರಶ್ನೆ ಎಲ್ಲವೂ ಒಂದೇ ತೂಕದಲ್ಲಿ ಒಳಗೆ ನುಗ್ಗುತ್ತವೆ. ನಮ್ಮಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡುವುದನ್ನು ರೂಢಿ ಮಾಡಿಕೊಂಡೆವು, ನೋಡಲು ಬರುವವರಿಗೆ ಒಂದು ಚಿಕ್ಕ ಅವಧಿ ಗೊತ್ತುಮಾಡಿದೆವು. ಕೆಲವರು ಬೇಸರಿಸಿಕೊಂಡರು, ಅವರ ಬೇಸರಕ್ಕಿಂತ ಅವನ ನಿದ್ದೆ ದೊಡ್ಡದು. ವಿಶ್ರಾಂತಿಯನ್ನು ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲೇ ಕೊಡಬೇಕು ಎಂದು, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಯವರು ಹೇಳಿಕೊಟ್ಟ ಒಂದು ವಿಷಯ ನಮ್ಮ ದಿನಚರಿಯನ್ನೇ ಬದಲಿಸಿತು.

ಸುಸ್ತು ತಗ್ಗಿದ ಮೇಲೆ ಕಾಣಿಸಿಕೊಂಡದ್ದನ್ನು ಬಂಧುಗಳು ಸೋಮಾರಿತನ ಎಂದರು. ಅವನು ಕಿಟಕಿಯ ಬಳಿ ಗಂಟೆಗಟ್ಟಲೆ ಕುಳಿತಿರುತ್ತಿದ್ದ. ಏನು ಮಾಡಬೇಕೆಂದು ಕೇಳಿದರೆ ಸರಿಯಾಗಿಯೇ ಹೇಳುತ್ತಿದ್ದ: ಹಲ್ಲುಜ್ಜಬೇಕು, ಸ್ನಾನ ಮಾಡಬೇಕು, ವ್ಯಾಯಾಮ ಮಾಡಬೇಕು. ಹೇಳಿ ಮತ್ತೆ ಅಲ್ಲೇ ಕುಳಿತಿರುತ್ತಿದ್ದ. ಗೊತ್ತಿರುವುದಕ್ಕೂ ಮಾಡಲು ಏಳುವುದಕ್ಕೂ ನಡುವೆ ಇರುವ, ನಾವು ಯಾರೂ ಎಂದೂ ಗಮನಿಸದ ಆ ಮೊದಲ ತಳ್ಳು ಅವನಲ್ಲಿ ಇರಲಿಲ್ಲ. ಫ್ರಾಂಟಲ್ ಭಾಗದ ಹಾನಿಯಲ್ಲಿ ಇದು ತೀರಾ ಸಾಮಾನ್ಯ. ಗದರಿಸಿದರೆ, ಹುರಿದುಂಬಿಸಿದರೆ ಅದು ಬರುವುದಿಲ್ಲ. ಟವೆಲ್ ಕೈಗೆ ಕೊಟ್ಟು ‘ಬಾ, ನೀರು ಬಿಸಿಯಾಗಿದೆ’ ಎಂದರೆ ಮುಂದಿನದೆಲ್ಲ ಅವನೇ ಮಾಡಿಕೊಳ್ಳುತ್ತಿದ್ದ. ಕ್ರಮೇಣ ಟವೆಲ್ ಕೊಡುವುದನ್ನು ಬಿಟ್ಟು ಮಾತು ಮಾತ್ರ ಉಳಿಸಿದೆವು, ಆಮೇಲೆ ಮಾತನ್ನೂ ಬಿಟ್ಟು ಮೊಬೈಲಿನ ಅಲಾರಂ ಇಟ್ಟೆವು, ಕೊನೆಗೆ ಅಲಾರಂ ಯಾವಾಗ ಹೊಡೆಯಬೇಕೆಂಬುದನ್ನು ಅವನೇ ನಿಗದಿಪಡಿಸತೊಡಗಿದ. ಕಟ್ಟಡದ ಸುತ್ತ ಕಟ್ಟುವ ಸಾರುವೆಯನ್ನು ಗೋಡೆ ನಿಂತಂತೆಲ್ಲ ಒಂದೊಂದೇ ಅಂಕಣ ಬಿಚ್ಚುತ್ತಾರಲ್ಲ, ಮನೆಯವರ ಸಹಾಯವೂ ಹಾಗೆ, ಬಿಚ್ಚುವ ಉದ್ದೇಶದಿಂದಲೇ ಕಟ್ಟಿದ್ದಾಗಿರಬೇಕು.

ನೆನಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಕಟುವಾಗಿದೆ. ಬಂದವರೆಲ್ಲ ಅವನ ಮುಂದೆ ಬಾಗಿ ‘ನಾನು ಯಾರು ಹೇಳು?’ ಎಂದು ಕೇಳುತ್ತಿದ್ದರು. ಪ್ರೀತಿಯಿಂದ ಕೇಳಿದರೂ ಅದು ಪರೀಕ್ಷೆಯೇ. ‘ಅಕ್ಕ, ಅವರು ಬಂದ್ರೆ ನಂಗೆ ಫೇಲ್ ಆಗೋಕೆ ಕೂತ ಹಾಗಾಗುತ್ತೆ’ ಎಂದು ಅವನೇ ಒಮ್ಮೆ ನನ್ನಲ್ಲಿ ಹೇಳಿಕೊಂಡ. ಮಾನಕ್ಕಷ್ಟೇ ಸಂಬಂಧಿಸಿದ ಮಾತಲ್ಲ ಇದು. ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನೆನಪಿನ ಶಕ್ತಿ ತೀವ್ರವಾಗಿ ಕುಂದಿದವರು ಊಹಿಸಿ, ತಪ್ಪಿ, ತಿದ್ದಿಕೊಳ್ಳುತ್ತ ಕಲಿಯುವುದಕ್ಕಿಂತ ತಪ್ಪಿಗೆ ಅವಕಾಶವೇ ಕೊಡದಂತೆ ಕಲಿಸಿದಾಗ ಚೆನ್ನಾಗಿ ಕಲಿಯುತ್ತಾರೆ ಎಂದು ತೋರಿಸಿತು. ನಮ್ಮಂಥವರು ತಪ್ಪು ಉತ್ತರ ಕೊಟ್ಟರೆ, ಅದು ತಪ್ಪೆಂಬುದನ್ನೂ ನೆನಪಿಟ್ಟುಕೊಂಡು ಮುಂದಿನ ಸಲ ತಿದ್ದಿಕೊಳ್ಳುತ್ತೇವೆ. ಅವರಲ್ಲಿ ತಿದ್ದಿದ ನೆನಪು ಅಳಿದು, ಬಾಯಿಗೆ ಬಂದ ತಪ್ಪೇ ಬೇರೂರುತ್ತದೆ. ಆದ್ದರಿಂದ ‘ಗುರುತು ಸಿಕ್ಕಿತಾ’ ಎನ್ನುವ ಬದಲು ‘ನಾನು ನಿನ್ನ ಜೊತೆ ಓದಿದವನು, ನಿನ್ನನ್ನು ನೋಡಲು ಬಂದೆ’ ಎಂದು ತಾವೇ ಹೇಳಿಕೊಂಡು ಒಳಗೆ ಬರುವಂತೆ ಎಲ್ಲರನ್ನೂ ಕೇಳಿಕೊಂಡೆವು. ಗೋಡೆಗೆ ಬಿಳಿ ಹಲಗೆ ಹಾಕಿ ದಿನಾಂಕ, ಆ ದಿನದ ಕೆಲಸ, ಯಾರು ಬರುತ್ತಾರೆ ಎಂಬುದನ್ನು ಬರೆದಿಟ್ಟೆವು. ಹಲಗೆಯನ್ನು ನೋಡಿ ಹೇಳುವುದು ಮೋಸವಲ್ಲ, ಅದೇ ಅವನ ನೆನಪಿನ ಶಕ್ತಿ ಎಂದು ಅಪ್ಪನಿಗೆ ಮನದಟ್ಟು ಮಾಡಿಸಲು ಬಹಳ ಕಾಲ ಹಿಡಿಯಿತು.

ನೆನಪೆಂದರೆ ಒಂದೇ ಬಗೆಯದಲ್ಲ ಎಂಬುದೂ ಈ ಹೊತ್ತಿನಲ್ಲಿ ಭರವಸೆ ಕೊಡುವ ಸಂಗತಿ. ತನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಏನೆಂದು ಕೇಳಿದರೆ ತಮ್ಮನಿಗೆ ಹೇಳಲಾಗುತ್ತಿರಲಿಲ್ಲ. ಲ್ಯಾಪ್‌ಟಾಪನ್ನೇ ಮುಂದಿಟ್ಟರೆ ಬೆರಳುಗಳು ಅದನ್ನು ಬರೆದುಬಿಡುತ್ತಿದ್ದವು. ಸೋವಿಯತ್ ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಅವರ ಬಳಿ ಬಂದ ಜಸೆಟ್ಸ್ಕಿ ಎಂಬ ಸೈನಿಕನ ಕಥೆ ನನಗೆ ಆಗ ಒದಗಿಬಂತು. 1943ರಲ್ಲಿ ಯುದ್ಧಭೂಮಿಯಲ್ಲಿ ತಲೆಗೆ ಗುಂಡು ತಗುಲಿದಾಗ ಅವನಿಗೆ 23 ವರ್ಷ. ಒಂದೊಂದೇ ಅಕ್ಷರವನ್ನು ನೆನೆಸಿಕೊಂಡು ಬರೆಯಲು ಹೆಣಗಾಡುತ್ತಿದ್ದವನು, ಅಕ್ಷರದ ಯೋಚನೆ ಬಿಟ್ಟು, ಪೆನ್ಸಿಲ್ ಎತ್ತದೆ ಒಂದೇ ಓಟದಲ್ಲಿ ಬರೆಯಲು ಹೇಳಿದಾಗ ಬರೆಯಬಲ್ಲವನಾದ. ತಾನು ಬರೆದದ್ದನ್ನು ಓದುವುದು ಅವನಿಗೆ ಕಷ್ಟವಾಗಿಯೇ ಉಳಿದರೂ, ಮುಂದಿನ ದಶಕಗಳಲ್ಲಿ ಸಾವಿರಾರು ಪುಟಗಳ ದಿನಚರಿ ಬರೆದ. ಕೈಗೆ ಗೊತ್ತಿರುವ ಕೆಲಸಗಳು ಯಾವುವು ಎಂದು ಮನೆಯವರು ತಾಳ್ಮೆಯಿಂದ ಹುಡುಕಬೇಕು, ಹುಡುಕಿದರೆ ಸಿಗುತ್ತವೆ.

ಸಿಟ್ಟಿನ ಬಗ್ಗೆ ಬರೆಯುವಾಗ ಎಲ್ಲರೂ ಫೀನಿಯಸ್ ಗೇಜ್‌ನನ್ನು ನೆನೆಯುತ್ತಾರೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಬಳಿ ರೈಲುಮಾರ್ಗಕ್ಕಾಗಿ ಬಂಡೆ ಸಿಡಿಸುತ್ತಿದ್ದಾಗ, ಸುಮಾರು 6 ಕಿಲೋ ತೂಕದ, ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸರಳು ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನಿಗೆ ಆಗ 25 ವರ್ಷ. ಅವನು ಬದುಕಿದ, ಆದರೆ ಒರಟನಾದ, ಮಾತಿಗೆ ಕಟ್ಟಿಲ್ಲದವನಾದ, ಇವನು ಹಳೆಯ ಗೇಜ್ ಅಲ್ಲವೆಂದು ಪರಿಚಿತರು ಹೇಳಿದರು ಎಂದು ಚಿಕಿತ್ಸೆ ಕೊಟ್ಟ ವೈದ್ಯ ಜಾನ್ ಹಾರ್ಲೋ ಬರೆದಿಟ್ಟರು. ಕಥೆಯನ್ನು ಅಲ್ಲಿಗೇ ನಿಲ್ಲಿಸುವವರ ಮೇಲೆ ನನಗೆ ಬೇಸರವಿದೆ. ಪೆಟ್ಟು ಬಿದ್ದ ಕೆಲವೇ ವಾರಗಳಲ್ಲಿ ಅವನು ತನ್ನ ತಂದೆತಾಯಿಯ ಮನೆಗೆ ಮರಳಿದ. 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಳ ಪ್ರಯಾಣಿಕ ಬಂಡಿ ಓಡಿಸಿದ. ಹೊತ್ತಿಗೆ ಸರಿಯಾಗಿ ಎದ್ದು, ಕುದುರೆಗಳನ್ನು ಅಣಿಮಾಡಿ, ಪ್ರಯಾಣಿಕರೊಡನೆ ವ್ಯವಹರಿಸಿ, ದುರ್ಗಮ ದಾರಿಯಲ್ಲಿ ಸಾಗಬೇಕಾದ ಕೆಲಸ ಅದು. ಪ್ರತಿದಿನವೂ ಒಂದೇ ಕ್ರಮದಲ್ಲಿ ನಡೆಯುವ ಆ ಕೆಲಸವೇ ಅವನನ್ನು ಮತ್ತೆ ತಿದ್ದಿರಬಹುದೆಂದು ಅವನ ಬದುಕನ್ನು ಆಳವಾಗಿ ಶೋಧಿಸಿದ ಮನೋವಿಜ್ಞಾನಿ ಮಾಲ್ಕಮ್ ಮ್ಯಾಕ್‌ಮಿಲನ್ ವಾದಿಸಿದ್ದಾರೆ. ನನ್ನ ತಮ್ಮ ಸಿಟ್ಟಿನಲ್ಲಿ ತಟ್ಟೆ ತಳ್ಳಿದ ದಿನಗಳಲ್ಲಿ ಈ ಎರಡನೆಯ ಭಾಗವನ್ನು ನಾನು ಅಮ್ಮನಿಗೆ ಹೇಳುತ್ತಿದ್ದೆ. ಅವನ ಸಿಟ್ಟು ಬಹುಪಾಲು ಸಂಜೆಯ ಹೊತ್ತಿಗೆ, ಇಬ್ಬರು ಒಟ್ಟಿಗೆ ಮಾತಾಡಿದಾಗ, ಅಥವಾ ಕಾರ್ಯಕ್ರಮ ಇದ್ದಕ್ಕಿದ್ದಂತೆ ಬದಲಾದಾಗ ಬರುತ್ತದೆಂಬುದು ನೋಟ್‌ಬುಕ್ಕಿನಿಂದ ತಿಳಿದ ಮೇಲೆ, ಸಿಟ್ಟಿನ ಜೊತೆ ವಾದ ಮಾಡುವುದನ್ನು ಬಿಟ್ಟು ಸಂಜೆಯನ್ನು ಹಗುರಗೊಳಿಸಿದೆವು.

ಗೇಜ್ ತೀರಿಕೊಂಡದ್ದು 1860ರಲ್ಲಿ, ಸಾಲುಸಾಲಾಗಿ ಬಂದ ಫಿಟ್ಸ್‌ನಿಂದ. ಪೆಟ್ಟು ಬಿದ್ದು 11 ವರ್ಷಗಳ ಮೇಲೆ! ತೀವ್ರ ಪೆಟ್ಟಿನ ನಂತರ ಫಿಟ್ಸ್ ಬರುವ ಅಪಾಯ ವರ್ಷಗಟ್ಟಲೆ ಉಳಿಯುತ್ತದೆ, ಆದ್ದರಿಂದ ಮನೆಯ ಪ್ರತಿಯೊಬ್ಬರಿಗೂ ಇಷ್ಟು ತಿಳಿದಿರಲೇಬೇಕು: ಫಿಟ್ಸ್ ಬಂದಾಗ ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮೆತ್ತಗಿನದೇನಾದರೂ ಇಟ್ಟು, ಮಗ್ಗುಲಿಗೆ ಮಲಗಿಸಬೇಕು, ಬಾಯೊಳಗೆ ಏನನ್ನೂ ತುರುಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಬೇಕು. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು. ಮದ್ಯ ಬೇಡವೇ ಬೇಡ.

ಈ ಎಚ್ಚರಿಕೆ ಮತ್ತು ಅವನ ಮಾನ ನೇರವಾಗಿ ಎದುರುಬದುರಾದದ್ದು ಬಚ್ಚಲುಮನೆಯ ಚಿಲಕದ ವಿಷಯದಲ್ಲಿ. ಒಳಗಿನಿಂದ ಚಿಲಕ ಹಾಕಬಾರದು ಎಂಬುದು ಸರಿಯಾದ ಸಲಹೆ. ಬಾಗಿಲು ಹಾಕಿಕೊಳ್ಳುವ ಹಕ್ಕು ತನಗಿದೆ ಎಂಬ 22ರ ಯುವಕನ ಮಾತೂ ಅಷ್ಟೇ ಸರಿಯಾದದ್ದು. ಕೊನೆಗೆ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದೆವು. ಒಳಗಿದ್ದಾಗ ಕೆಂಪು ಬದಿ ಹೊರಗೆ, ಇಲ್ಲದಾಗ ಹಸಿರು. ಕೆಂಪು ಇದ್ದಾಗ ಯಾರೂ ಒಳಗೆ ಹೋಗುವಂತಿಲ್ಲ, ಬಾಗಿಲು ತಟ್ಟಿ ಹೆಸರು ಕರೆಯಬಹುದು, ಉತ್ತರ ಬಾರದಿದ್ದರೆ ಮಾತ್ರ ತೆರೆಯಬಹುದು. ಈ ನಿಯಮವನ್ನು ಬರೆದವನು ತಮ್ಮನೇ, ಅದರಲ್ಲಿ ಅಪ್ಪನ ಹೆಸರನ್ನು ಅಡಿಗೆರೆ ಹಾಕಿ ಸೇರಿಸಿದ್ದ.

ಎಲ್ಲಕ್ಕಿಂತ ಕಠಿಣವಾದದ್ದು ಅವನಿಗೆ ತನ್ನ ಕೊರತೆ ಕಾಣದಿದ್ದುದು. ‘ನನಗೇನೂ ಆಗಿಲ್ಲ, ನಾಳೆಯಿಂದ ಕೆಲಸಕ್ಕೆ ಹೋಗ್ತೀನಿ’ ಎಂದು ಹಟ ಹಿಡಿಯುತ್ತಿದ್ದ. ಇದು ಮೊಂಡುತನವಲ್ಲ, ನೋವನ್ನು ಮುಚ್ಚಿಡುವುದೂ ಅಲ್ಲ. ತನ್ನನ್ನು ತಾನು ಗಮನಿಸಿಕೊಳ್ಳುವ ಮೆದುಳಿನ ಕೆಲಸಕ್ಕೇ ಪೆಟ್ಟು ಬಿದ್ದಿರುವುದು. ನರಮನೋವಿಜ್ಞಾನಿ ಬ್ರೂಸ್ ಕ್ರಾಸನ್ ಮತ್ತು ಜೊತೆಗಾರರು 1989ರಲ್ಲಿ ಈ ಅರಿವಿಗೆ ಮೂರು ಮೆಟ್ಟಿಲುಗಳನ್ನು ಗುರುತಿಸಿದರು: ತನಗೆ ಇಂಥ ತೊಂದರೆಯಿದೆ ಎಂದು ಮಾತಿನಲ್ಲಿ ತಿಳಿದಿರುವುದು, ಅದು ಎದುರಾದ ಕ್ಷಣದಲ್ಲಿ ಗುರುತಿಸುವುದು, ಎದುರಾಗುವ ಮೊದಲೇ ಊಹಿಸಿ ತಯಾರಾಗುವುದು. ಮೊದಲ ಮೆಟ್ಟಿಲಿನಲ್ಲಿರುವವನಿಂದ ಮೂರನೆಯದನ್ನು ನಿರೀಕ್ಷಿಸಿದರೆ ಜಗಳವೇ ಆಗುತ್ತದೆ. ವಾದದಿಂದ ಅವನನ್ನು ಒಪ್ಪಿಸಲು ಸಾಧ್ಯವಿಲ್ಲವೆಂದು ಮನಗಂಡು, ಮಾಡಿ ನೋಡುವ ದಾರಿ ಹಿಡಿದೆವು. ಹಳೆಯ ಕೆಲಸದಂಥದೇ ಒಂದು ಚಿಕ್ಕ ಕೆಲಸವನ್ನು ಮನೆಯಲ್ಲೇ ಕೊಟ್ಟು, ಎಷ್ಟು ಹೊತ್ತು ಹಿಡಿದೀತೆಂದು ಮೊದಲು ಅವನೇ ಬರೆದಿಡುವುದು, ಮುಗಿದ ಮೇಲೆ ಇಬ್ಬರೂ ಕುಳಿತು ನೋಡುವುದು. ತೀರ್ಪು ಹೇಳುವ ಕೆಲಸ ಕಾಗದಕ್ಕೆ, ನಮಗಲ್ಲ.

ಅರಿವು ಬಂದಂತೆ ದುಃಖವೂ ಬಂತು. ತಾನೇನು ಕಳೆದುಕೊಂಡೆ ಎಂದು ಕಾಣತೊಡಗಿದ ಮೇಲೆ ಅವನು ಮಾತು ಕಡಿಮೆ ಮಾಡಿದ. ತೀವ್ರ ಪೆಟ್ಟಿನ ನಂತರ ಖಿನ್ನತೆ ಬಹಳ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಇಂಥ ಪರಿಸ್ಥಿತಿಯಲ್ಲಿ ಬೇಸರ ಸಹಜವಲ್ಲವೇ ಎಂದು ಮನೆಯವರು ಸುಮ್ಮನಾಗಬಾರದು. ಬದುಕು ಬೇಡವೆಂಬ ಮಾತು ಬಂದರೆ, ಅದು ಎಷ್ಟೇ ಹಗುರವಾಗಿ ಬಂದಿರಲಿ, ಅಂದೇ ವೈದ್ಯರಿಗೆ ತಿಳಿಸಬೇಕು.

ನಿರ್ಧಾರಗಳನ್ನು ಹಿಂದಿರುಗಿಸುವಾಗ ನಾವು ಕೇಳಿಕೊಂಡ ಪ್ರಶ್ನೆ ಒಂದೇ: ಇದು ತಪ್ಪಿದರೆ ಸರಿಪಡಿಸಬಹುದೇ? ಸರಿಪಡಿಸಬಹುದಾದದ್ದೆಲ್ಲ ಮೊದಲು ಅವನದಾಯಿತು. ಯಾವ ಬಟ್ಟೆ, ಯಾವ ಗೆಳೆಯನಿಗೆ ಫೋನು, ಎಷ್ಟು ಹೊತ್ತಿಗೆ ನಿದ್ದೆ, ವಾರದ ಕೈಖರ್ಚಿನ ಹಣ. ಹಣ ಮೂರೇ ದಿನಕ್ಕೆ ಖಾಲಿಯಾದರೆ ನಾಲ್ಕನೆಯ ದಿನ ಕೊಡದಿರುವುದು ಅಮ್ಮನಿಗೆ ಬಹಳ ಕಷ್ಟವಾಯಿತು. ಒಬ್ಬನೇ ಹೊರಗೆ ಹೋಗುವುದನ್ನು ಮಾತ್ರ ಹಂತಹಂತವಾಗಿ ತಂದೆವು: ಮೊದಲು ಜೊತೆಯಲ್ಲಿ, ಆಮೇಲೆ ಅವನು ಮುಂದೆ ನಾನು ದೂರದಲ್ಲಿ ಹಿಂದೆ, ಆಮೇಲೆ ತಲುಪಿದೊಡನೆ ಫೋನು ಮಾಡುವ ಕರಾರಿನ ಮೇಲೆ ಅವನೊಬ್ಬನೇ. ದೊಡ್ಡ ಸಾಲ, ವಾಹನ, ಔಷಧ ಇವು ವೈದ್ಯರ ಅಭಿಪ್ರಾಯವಿಲ್ಲದೆ ಇಂದಿಗೂ ಅವನೊಬ್ಬನ ನಿರ್ಧಾರವಲ್ಲ, ನಮ್ಮೊಬ್ಬರದೂ ಅಲ್ಲ.

ಒಂದು ವರ್ಷದ ಮೇಲೆ ಸುಧಾರಣೆ ನಿಂತುಹೋಗುತ್ತದೆ ಎಂಬ ಮಾತನ್ನು ಹಲವರು ನಮ್ಮ ಕಿವಿಗೆ ಹಾಕಿದರು. ಮೊದಲ ಆರು ತಿಂಗಳ ವೇಗ ಆಮೇಲೆ ಇರುವುದಿಲ್ಲವೆಂಬುದು ನಿಜ. ಆದರೆ ಎರಡು ವರ್ಷಗಳವರೆಗೂ, ಕೆಲವರಲ್ಲಿ ಅದನ್ನು ದಾಟಿಯೂ ಬದಲಾವಣೆ ನಡೆದೇ ಇರುತ್ತದೆ; ಹೊಸ ರೂಢಿಗಳನ್ನು ಕಲಿಯುವುದಕ್ಕಂತೂ ಗಡುವಿಲ್ಲ.

ಮನೆಯವರ ದುಃಖಕ್ಕೂ ಒಂದು ಜಾಗ ಬೇಕು. ಕಣ್ಣೆದುರು ಇರುವವನನ್ನೇ ಕಳೆದುಕೊಂಡಂತೆ ಅನಿಸುವ, ಅತ್ತರೆ ಅಪಶಕುನವೆಂದು ಹೆದರುವ, ಹೆಸರಿಡಲಾಗದ ಈ ನೋವನ್ನು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಅವರು ಅಸ್ಪಷ್ಟ ನಷ್ಟವೆಂದು ಕರೆದು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹಳೆಯ ಮಗನಿಗಾಗಿ ಅಳುವುದೂ ಈಗಿನ ಮಗನನ್ನು ಪ್ರೀತಿಸುವುದೂ ಒಟ್ಟಿಗೆ ಸಾಧ್ಯ, ಒಂದು ಇನ್ನೊಂದಕ್ಕೆ ದ್ರೋಹವಲ್ಲ. ಅಮ್ಮ ಇದನ್ನು ಒಪ್ಪಿಕೊಂಡ ಮೇಲೆಯೇ ರಾತ್ರಿ ಅವನ ಕೋಣೆಯ ಹೊರಗೆ ಮಲಗುವುದನ್ನು ಬಿಟ್ಟು ತಮ್ಮ ಹಾಸಿಗೆಗೆ ಮರಳಿದರು. ಗೆಳೆಯರ ವಿಷಯದಲ್ಲಿ ಹೇಳುವುದು ಒಂದೇ: ಅವರು ದೂರವಾಗುವುದು ನಿರ್ದಯೆಯಿಂದಲ್ಲ, ಏನು ಮಾಡಬೇಕೆಂದು ತಿಳಿಯದೆ. ಒಬ್ಬನಿಗೆ ವಾರಕ್ಕೊಮ್ಮೆ ನಡಿಗೆಗೆ ಕರೆದೊಯ್ಯುವ ಕೆಲಸ, ಇನ್ನೊಬ್ಬನಿಗೆ ಒಟ್ಟಿಗೆ ಪಂದ್ಯ ನೋಡುವ ಕೆಲಸ ಎಂದು ನಿಗದಿಪಡಿಸಿದರೆ ಅವರು ಬರುತ್ತಾರೆ. ನಮ್ಮಲ್ಲಿ ಇಬ್ಬರು ಉಳಿದರು.

ಈಗ ವೈದ್ಯರ ಭೇಟಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ತಮ್ಮನೇ ಬರೆಯುತ್ತಾನೆ. ಮುಂದಿನ ಭೇಟಿಯ ಪಟ್ಟಿಯಲ್ಲಿ ಮೊದಲನೆಯದು ಮಾತ್ರೆಯಿಂದ ಬೆಳಗಿನ ಹೊತ್ತು ಬರುವ ಮಂಪರಿನ ಬಗ್ಗೆ, ಎರಡನೆಯದು ದಿನಕ್ಕೆ ನಾಲ್ಕು ಗಂಟೆಯ ಕೆಲಸ ಒಪ್ಪಿಕೊಳ್ಳಬಹುದೇ ಎಂದು, ಮೂರನೆಯದು ಬೈಕಿನ ಬಗ್ಗೆ. ಮೂರನೆಯದಕ್ಕೆ ಅಪ್ಪನ ಒಪ್ಪಿಗೆಯಿಲ್ಲ. ಪ್ರಶ್ನೆಯನ್ನು ತೆಗೆದುಹಾಕು ಎಂದು ಅವರು ಹೇಳಿದಾಗ, ‘ನಿಮ್ಮ ಆಕ್ಷೇಪವನ್ನೂ ಅದರ ಕೆಳಗೇ ಬರೀತೀನಿ ಅಪ್ಪ, ಡಾಕ್ಟರ್ ಎರಡನ್ನೂ ಓದಲಿ’ ಎಂದು ಅವನು ಹೇಳಿದ, ಬರೆದೂ ಇದ್ದಾನೆ.